ಪಾಲಿಗನ್ ಒಳಗಿದ್ದೂ ಸರ್ಚ್‌ನಲ್ಲಿ ಸಿಗದ ಪಾಯಿಂಟ್‌ಗಳು: ನನ್ನ ಅನುಭವ

ಮ್ಯಾಪ್ ಮೇಲೆ ಬೆರಳಿನಿಂದ ಒಂದು ಆಕಾರ ಬಿಡಿಸಿದರೆ ಅದರೊಳಗಿನ ಮನೆಗಳನ್ನು ತೋರಿಸುವ ಸೌಲಭ್ಯ ನಮ್ಮ ಆ್ಯಪ್‌ನಲ್ಲಿತ್ತು. ಹಿಂದೆ ಕೆಲಸ ಮಾಡುತ್ತಿದ್ದದ್ದು ಎಲಾಸ್ಟಿಕ್‌ಸರ್ಚ್ ಅನ್ನುವ ಸರ್ಚ್ ಎಂಜಿನ್. ಬರುತ್ತಿದ್ದ ದೂರೆಲ್ಲ ಒಂದೇ ಥರ: "ಗೆರೆಯ ಒಳಗೇ ಇದೆ, ಆದ್ರೆ ಲಿಸ್ಟ್‌ನಲ್ಲಿ ಬರ್ತಿಲ್ಲ." ಲಾಗ್ ತೆಗೆದು ನೋಡಿದರೆ ಒಂದೂ ಎರರ್ ಇಲ್ಲ. ಪಾಲಿಗನ್ (ಹಲವು ಮೂಲೆಗಳ ಮುಚ್ಚಿದ ಆಕಾರ) ಕೊಟ್ಟು ಮಾಡುವ ಕ್ವೆರಿಯ, ಅಂದರೆ ಹುಡುಕಾಟದ, ಕಷ್ಟ ಇರುವುದೇ ಇಲ್ಲಿ. ಪದಗಳ ಹುಡುಕಾಟ ಹಳಿ ತಪ್ಪಿದರೆ ಬಂದ ಫಲಿತಾಂಶ ಓದಿದ ಕೂಡಲೇ ಗೊತ್ತಾಗುತ್ತದೆ. ಜಾಗದ ಹುಡುಕಾಟದಲ್ಲಿ ಬಂದದ್ದೆಲ್ಲ ಸರಿಯಾಗಿಯೇ ಕಾಣುತ್ತದೆ. ಬರದೇ ಉಳಿದದ್ದು ಯಾರ ಕಣ್ಣಿಗೂ ಬೀಳುವುದಿಲ್ಲ.

ಅದಕ್ಕೇ ನಾನು ದೊಡ್ಡ ಪಾಲಿಗನ್ ಜೊತೆ ಗುದ್ದಾಡುವುದಿಲ್ಲ. ಖಂಡಿತ ಸಿಗಬೇಕಿದ್ದ ಒಂದು ಡಾಕ್ಯುಮೆಂಟ್, ಅಂದರೆ ಒಂದು ಮನೆಯ ದಾಖಲೆ, ಹಿಡಿದುಕೊಳ್ಳುತ್ತೇನೆ. ಅದರ ಐಡಿ ಕೊಟ್ಟು, ಅದೇ ಕ್ವೆರಿಯನ್ನು ಎಕ್ಸ್‌ಪ್ಲೇನ್ ಎಪಿಐಗೆ ಹಾಕುತ್ತೇನೆ. ಮ್ಯಾಚ್ ಆಯಿತೋ ಇಲ್ಲವೋ ಅಂತ ಅದು ನೇರವಾಗಿ ಹೇಳುತ್ತದೆ. ಆಗಿಲ್ಲ ಅಂದರೆ ಆ ಪಾಯಿಂಟ್ ಸುತ್ತ ಕೈಯಾರೆ ಒಂದು ಪುಟ್ಟ ಚೌಕ ಬರೆಯುತ್ತೇನೆ, ನಾಲ್ಕೂ ಕಡೆ 0.001 ಡಿಗ್ರಿ ಬಿಟ್ಟು. ಒಂದು ಡಿಗ್ರಿ ಅಕ್ಷಾಂಶ ಸುಮಾರು 111 ಕಿಲೋಮೀಟರ್. ಹಾಗಾಗಿ 0.001 ಅಂದರೆ ನೂರು ಮೀಟರ್‌ಗಿಂತ ಸ್ವಲ್ಪ ಜಾಸ್ತಿ. ಈ ಚೌಕದಲ್ಲೂ ಪಾಯಿಂಟ್ ಸಿಗದಿದ್ದರೆ ತೊಂದರೆ ಇಂಡೆಕ್ಸ್‌ನಲ್ಲಿದೆ, ಅಂದರೆ ಎಂಜಿನ್ ಹುಡುಕಲು ಕೂಡಿಟ್ಟ ಡೇಟಾದಲ್ಲಿದೆ. ಸಿಕ್ಕರೆ ಕ್ವೆರಿಗೆ ಕೊಟ್ಟ ಆಕಾರದಲ್ಲಿದೆ. ಇಷ್ಟು ಬೇರೆಯಾದರೆ ಅರ್ಧ ಕೆಲಸ ಮುಗಿದ ಹಾಗೆ.

ಇಂಡೆಕ್ಸ್ ಕಡೆಯ ತೊಂದರೆಗಳು ಮೂರು ನಾಲ್ಕಕ್ಕಿಂತ ಜಾಸ್ತಿ ಇಲ್ಲ. ಮೊದಲನೆಯದು ಎಲ್ಲರಿಗೂ ಗೊತ್ತಿರುವುದೇ: ಅಕ್ಷಾಂಶ, ರೇಖಾಂಶ ಅದಲುಬದಲಾಗುವುದು. ಗೊತ್ತಿದ್ದರೂ ಇದು ಮತ್ತೆ ಮತ್ತೆ ಆಗುವುದಕ್ಕೆ ಕಾರಣವಿದೆ. ಎಲಾಸ್ಟಿಕ್‌ಸರ್ಚ್‌ನಲ್ಲಿ ಪಾಯಿಂಟನ್ನು ಸ್ಟ್ರಿಂಗ್ ಆಗಿ ಬರೆದರೆ ಅಕ್ಷಾಂಶ ಮೊದಲು. ಅದನ್ನೇ ಅರೇ ಆಗಿ ಬರೆದರೆ ರೇಖಾಂಶ ಮೊದಲು. ಜಾಗಗಳನ್ನು ಬರೆದಿಡುವ ಜಿಯೋಜೇಸನ್ ನಮೂನೆಯಲ್ಲೂ ರೇಖಾಂಶವೇ ಮೊದಲು. ಅದರ ನಿಯಮಗಳಿರುವ 2016ರ ದಾಖಲೆ ಆರ್‌ಎಫ್‌ಸಿ 7946 ಇದನ್ನು ಖಚಿತವಾಗಿ ಹೇಳುತ್ತದೆ. ಮ್ಯಾಪ್ ತೋರಿಸುವ ಲೀಫ್ಲೆಟ್ ಮಾತ್ರ ಅಕ್ಷಾಂಶವನ್ನು ಮೊದಲು ಕೇಳುತ್ತದೆ. ಒಂದೇ ಪಾಯಿಂಟ್ ಡೇಟಾಬೇಸ್‌ನಿಂದ ಸ್ಕ್ರೀನ್‌ವರೆಗೆ ಬರುವಷ್ಟರಲ್ಲಿ ಎರಡು ಮೂರು ಸಲ ತಿರುಗಿರುತ್ತದೆ.

ಅಕ್ಷಾಂಶ 90 ದಾಟಿದರೆ ಎಂಜಿನ್ ತಾನೇ ಎರರ್ ಕೊಡುತ್ತದೆ. ಎರಡೂ ಸಂಖ್ಯೆ 90ರ ಒಳಗಿದ್ದರೆ ಅದಕ್ಕೆ ಏನೂ ಗೊತ್ತಾಗುವುದಿಲ್ಲ. ಪ್ಯಾರಿಸ್ ಇರುವುದು ಅಕ್ಷಾಂಶ 48.86, ರೇಖಾಂಶ 2.35ರಲ್ಲಿ. ಇದನ್ನು ತಿರುಗಿಸಿದರೆ ಪಾಯಿಂಟ್ ಹೋಗಿ ಬೀಳುವುದು ಸೊಮಾಲಿಯಾದ ಪೂರ್ವಕ್ಕೆ, ಹಿಂದೂ ಮಹಾಸಾಗರದಲ್ಲಿ. ಅದಕ್ಕೇ ಯಾವುದೇ ಹೊಸ ಡೇಟಾ ಬಂದರೂ ನಾನು ಮೊದಲು ಒಂದಷ್ಟು ಪಾಯಿಂಟ್‌ಗಳನ್ನು ಮ್ಯಾಪ್ ಮೇಲೆ ಹಾಕಿ ನೋಡುತ್ತೇನೆ. ಇದಕ್ಕೆ ಬದಲಿ ಯಾವುದೂ ಇಲ್ಲ ಅನ್ನುವುದು ನನ್ನ ಖಚಿತ ಅಭಿಪ್ರಾಯ.

ಎರಡನೆಯದು ಮ್ಯಾಪಿಂಗ್, ಅಂದರೆ ಯಾವ ಫೀಲ್ಡ್‌ನಲ್ಲಿ ಎಂಥ ಡೇಟಾ ಇದೆ ಅನ್ನುವ ವಿವರ. ಫೀಲ್ಡನ್ನು ಜಿಯೋ ಪಾಯಿಂಟ್ ಅಂತ ಮೊದಲೇ ಹೇಳದಿದ್ದರೆ ಎಂಜಿನ್ ಅದನ್ನು ಬರೀ ಸಂಖ್ಯೆ ಅಥವಾ ಪಠ್ಯ ಅಂತ ಇಟ್ಟುಕೊಳ್ಳುತ್ತದೆ. ಆಮೇಲೆ ಬದಲಿಸಲು ಆಗುವುದಿಲ್ಲ, ಹೊಸ ಇಂಡೆಕ್ಸ್ ಮಾಡಿ ರೀಇಂಡೆಕ್ಸ್ ಮಾಡಬೇಕು. ಇದರಲ್ಲಾದರೂ ಎರರ್ ಬರುತ್ತದೆ. ನನ್ನನ್ನು ಹೆಚ್ಚು ಕಾಡಿದ್ದು 'ಇಗ್ನೋರ್ ಮಾಲ್‌ಫಾರ್ಮ್ಡ್' ಅನ್ನುವ ಸೆಟ್ಟಿಂಗ್. ಅದು ಆನ್ ಆಗಿದ್ದರೆ ಕೆಟ್ಟ ಪಾಯಿಂಟ್ ಇರುವ ಡಾಕ್ಯುಮೆಂಟ್ ಕೂಡ ಇಂಡೆಕ್ಸ್ ಆಗುತ್ತದೆ, ಪಾಯಿಂಟ್ ಒಂದನ್ನು ಬಿಟ್ಟು. ಹೆಸರು ಹಾಕಿ ಹುಡುಕಿದರೆ ಆ ಮನೆ ಸಿಗುತ್ತದೆ, ಮ್ಯಾಪ್‌ನಲ್ಲಿ ಹುಡುಕಿದರೆ ಯಾವತ್ತೂ ಸಿಗುವುದಿಲ್ಲ. ಹೀಗೆ ಬಿಟ್ಟ ಫೀಲ್ಡ್‌ಗಳ ಹೆಸರು 'ಇಗ್ನೋರ್ಡ್' ಅನ್ನುವ ಒಳಗಿನ ಫೀಲ್ಡ್‌ನಲ್ಲಿ ಸೇರಿರುತ್ತದೆ. ಅದರ ಮೇಲೆ ಎಕ್ಸಿಸ್ಟ್ಸ್ ಕ್ವೆರಿ ಹಾಕಿದರೆ ಅಂಥ ಡಾಕ್ಯುಮೆಂಟ್‌ಗಳೆಲ್ಲ ಹೊರಗೆ ಬರುತ್ತವೆ.

ಇನ್ನು ಆಕಾರದ ಕಡೆಗೆ ಬರೋಣ. ನನಗೆ ತುಂಬ ಇಷ್ಟವಾದ ಭಾಗ ಇದೇ. ಜನ ಬೆರಳಿನಿಂದ ಬಿಡಿಸುವ ಗೆರೆ ತನ್ನನ್ನೇ ತಾನು ದಾಟುವುದು ತೀರಾ ಸಾಮಾನ್ಯ. ಒಂದು ದೂರಿನ ಪಾಲಿಗನ್ನನ್ನು ದೊಡ್ಡದು ಮಾಡಿ ನೋಡಿದೆ. ದೂರದಿಂದ ದುಂಡಗಿತ್ತು. ಕೆಳಗಿನ ಮೂಲೆಯಲ್ಲಿ ಬೆರಳು ಒಳಕ್ಕೆ ತಿರುಗಿ ಒಂದು ಸಣ್ಣ ಕುಣಿಕೆ ಹಾಕಿ ಮುಂದಕ್ಕೆ ಹೋಗಿತ್ತು. ಕಾಣೆಯಾದ ಮನೆಗಳೆಲ್ಲ ಆ ಕುಣಿಕೆಯ ಒಳಗೇ ಇದ್ದವು.

ಹಾಗೇಕೆ ಅಂದರೆ, ಒಂದು ಪಾಯಿಂಟ್ ಒಳಗಿದೆಯೋ ಹೊರಗಿದೆಯೋ ಅಂತ ತಿಳಿಯಲು ಅಲ್ಲಿಂದ ಒಂದು ನೇರ ಗೆರೆ ಹೊರಕ್ಕೆ ಎಳೆದು, ಅದು ಅಂಚನ್ನು ಎಷ್ಟು ಸಲ ದಾಟುತ್ತದೆ ಅಂತ ಎಣಿಸುತ್ತಾರೆ. ಬೆಸ ಸಂಖ್ಯೆ ಬಂದರೆ ಒಳಗೆ, ಸಮ ಬಂದರೆ ಹೊರಗೆ. ಕುಣಿಕೆಯ ಒಳಗಿನ ಪಾಯಿಂಟ್ ಮೊದಲು ಕುಣಿಕೆಯನ್ನು ದಾಟಬೇಕು, ಆಮೇಲೆ ದೊಡ್ಡ ಗೆರೆಯನ್ನು ದಾಟಬೇಕು. ಎರಡು ಸಲ ಆಯಿತಲ್ವಾ? ಅಲ್ಲಿಗೆ ಅದು ಹೊರಗೆ. ಬಿಡಿಸಿದವರ ಮನಸ್ಸಿನಲ್ಲಿ ಮಾತ್ರ ಅದು ಎರಡು ಪಟ್ಟು ಒಳಗೆ. ಎಲಾಸ್ಟಿಕ್‌ಸರ್ಚ್, ಮತ್ತು ಸೋಲರ್ ಅನ್ನುವ ಇನ್ನೊಂದು ಸರ್ಚ್ ಎಂಜಿನ್, ಈ ಎರಡರ ಬುಡದಲ್ಲೂ ಇರುವ ಲೂಸೀನ್ ಲೈಬ್ರರಿ ತನ್ನ ದಾಖಲೆಯಲ್ಲೇ ಹೇಳಿದೆ: ಪಾಲಿಗನ್ ತನ್ನನ್ನು ತಾನು ದಾಟಬಾರದು, ದಾಟಿದರೆ ಏನಾಗುತ್ತದೆ ಅಂತ ಹೇಳಲಾಗದು.

ಇದಕ್ಕೆ ತಕ್ಷಣ ಸಿಗುವ ಸಲಹೆ 'ಬಫರ್ ಜೀರೋ'. ಅಂದರೆ ಆಕಾರವನ್ನು ಸೊನ್ನೆ ದೂರ ಹಿಗ್ಗಿಸಿ ಸರಿಮಾಡಿಸುವುದು. ಅದನ್ನು ಕಣ್ಣುಮುಚ್ಚಿ ಬಳಸಬೇಡಿ. ಗೆರೆ 8ರ ಆಕಾರದಲ್ಲಿದ್ದರೆ ಅದು ಒಂದು ಹೊಟ್ಟೆಯನ್ನು ಉಳಿಸಿಕೊಂಡು ಇನ್ನೊಂದನ್ನು ಎಸೆದುಬಿಡುತ್ತದೆ. ಆಗಲೂ ಎರರ್ ಇಲ್ಲ. ನಾನು ಮಾಡಿದ್ದು ಹೀಗೆ: ಪೈಥಾನ್‌ನ ಶೇಪ್ಲಿ ಲೈಬ್ರರಿಯಲ್ಲಿ ಅಂಚನ್ನು ಬರೀ ಗೆರೆ ಅಂತ ತೆಗೆದುಕೊಂಡು, ದಾಟುವ ಕಡೆಯೆಲ್ಲ ತುಂಡು ಮಾಡಿಸಿ, ತುಂಡುಗಳಿಂದ ಸಿಗುವ ಎಲ್ಲ ಪುಟ್ಟ ಪಾಲಿಗನ್‌ಗಳನ್ನು ಒಟ್ಟಿಗೆ ಸೇರಿಸಿದೆ. ಕುಣಿಕೆಯೂ ಉಳಿಯುತ್ತದೆ, 8ರ ಎರಡೂ ಹೊಟ್ಟೆಗಳೂ ಉಳಿಯುತ್ತವೆ. ಕೈಯಿಂದ ಬಿಡಿಸಿದ ಆಕಾರಕ್ಕೆ ಇದೇ ಸರಿ. ಬೇಕೆಂದೇ ಒಳಗೆ ತೂತು ಬಿಟ್ಟಿರುವ ಗಡಿಗಳಿಗೆ ಇದನ್ನು ಬಳಸುವ ಹಾಗಿಲ್ಲ, ತೂತೂ ತುಂಬಿಹೋಗುತ್ತದೆ.

ಉತ್ತರ ಸರಿಯಿದೆಯೇ ಅಂತ ನೋಡಲು ನಾನು ಅದೇ ಪ್ರಶ್ನೆಯನ್ನು ಜಾಗದ ಲೆಕ್ಕ ಬಲ್ಲ ಡೇಟಾಬೇಸ್ ಪೋಸ್ಟ್‌ಜಿಐಎಸ್‌ಗೂ ಕೇಳುತ್ತೇನೆ. ಒಂದು ಸಲ ಇಬ್ಬರ ಉತ್ತರವೂ ಬೇರೆ ಬಂತು, ಅದೂ ತುಂಬ ದೊಡ್ಡ ಆಯತಗಳಲ್ಲಿ ಮಾತ್ರ. ಎರಡೂ ಕಡೆ ಡೇಟಾ ಒಂದೇ. ಬೇರೆಯಾಗಿದ್ದದ್ದು 'ನೇರ ಗೆರೆ' ಅಂದರೆ ಏನು ಅನ್ನುವುದು. ಲೂಸೀನ್ ಅಕ್ಷಾಂಶ, ರೇಖಾಂಶಗಳನ್ನು ಚಪ್ಪಟೆ ಹಾಳೆಯ ಮೇಲಿಟ್ಟು ಗೆರೆ ಎಳೆಯುತ್ತದೆ. ಪೋಸ್ಟ್‌ಜಿಐಎಸ್‌ನ ಜಿಯಾಗ್ರಫಿ ಫೀಲ್ಡ್ ದುಂಡಗಿನ ಭೂಮಿಯ ಮೇಲೆ ಅತಿ ಹತ್ತಿರದ ದಾರಿಯನ್ನು ಎಳೆಯುತ್ತದೆ. ಅಮೆರಿಕ, ಕೆನಡಾಗಳ ನಡುವಿನ 49 ಡಿಗ್ರಿ ಗಡಿಯನ್ನೇ ತೆಗೆದುಕೊಳ್ಳಿ. ಪಶ್ಚಿಮ ರೇಖಾಂಶ 123ರಿಂದ 95ರವರೆಗೆ ಬರೀ ಎರಡು ಪಾಯಿಂಟ್ ಕೊಟ್ಟರೆ, ಲೂಸೀನ್‌ನ ಗೆರೆ 49ರ ಮೇಲೇ ಹೋಗುತ್ತದೆ. ದುಂಡಗಿನ ಭೂಮಿಯ ಗೆರೆ ಮಧ್ಯದಲ್ಲಿ 49.85ರವರೆಗೆ ಉಬ್ಬುತ್ತದೆ. ಹೆಚ್ಚುಕಮ್ಮಿ 95 ಕಿಲೋಮೀಟರ್ ಉತ್ತರಕ್ಕೆ! ಪೋಸ್ಟ್‌ಜಿಐಎಸ್‌ನಲ್ಲಿ ಜಿಯಾಮೆಟ್ರಿ ಫೀಲ್ಡ್ ಬಳಸಿದಾಗ ಎರಡೂ ಉತ್ತರ ಕೂಡಿಬಂದವು. ಉದ್ದ ಅಂಚುಗಳ ನಡುನಡುವೆ ಹೆಚ್ಚು ಪಾಯಿಂಟ್ ಸೇರಿಸಿದರೂ ವ್ಯತ್ಯಾಸ ಕರಗುತ್ತದೆ. ಒಂದು ಊರಿನಷ್ಟು ಅಗಲದ ಆಕಾರಕ್ಕೆ ಇದರ ಚಿಂತೆ ಬೇಡ.

ಸೋಲರ್‌ನಲ್ಲಿ ಕೆಲಸ ಮಾಡಿದಾಗ ದೂರು ತಿರುಗುಮುರುಗಾಗಿತ್ತು: ಗೆರೆಯ ಹೊರಗಿನವೂ ಬರುತ್ತಿದ್ದವು. ಅಲ್ಲಿ ಆರ್‌ಪಿಟಿ ಅನ್ನುವ ಫೀಲ್ಡ್ ಆಕಾರವನ್ನು ಚೌಕಚೌಕವಾಗಿ ಒಡೆದು ಇಟ್ಟುಕೊಳ್ಳುತ್ತದೆ. ಎಷ್ಟು ನುಣುಪಾಗಿ ಒಡೆಯಬೇಕು ಅನ್ನುವುದನ್ನು 'ಡಿಸ್ಟ್ ಎರ್ ಪಿಸಿಟಿ' ನಿರ್ಧರಿಸುತ್ತದೆ. ಸುಮ್ನೆ ಬಿಟ್ಟರೆ ಅದರ ಮೌಲ್ಯ 0.025. ಆಕಾರದ ನಡುವಿನಿಂದ ಅದನ್ನು ಸುತ್ತುವ ಆಯತದ ಮೂಲೆಗೆ 100 ಕಿಲೋಮೀಟರ್ ಇದ್ದರೆ ಅಂಚಿನಲ್ಲಿ 2.5 ಕಿಲೋಮೀಟರ್‌ವರೆಗೆ ತಪ್ಪಬಹುದು. ಕ್ವೆರಿಯಲ್ಲೇ ಅದನ್ನು 0 ಮಾಡಬಹುದು. ಕ್ವೆರಿ ನಿಧಾನವಾಗುತ್ತದೆ, ಅಂಚು ಸರಿಯಾಗುತ್ತದೆ. ಎಲಾಸ್ಟಿಕ್‌ಸರ್ಚ್ 6.6ರಿಂದ ಈ ಚೌಕಗಳನ್ನು ಬಿಟ್ಟು ಆಕಾರವನ್ನು ತ್ರಿಕೋನಗಳಾಗಿ ಒಡೆಯುತ್ತದೆ. ಅಲ್ಲಿ ಈ ತೊಂದರೆ ಹಳೆಯ ಇಂಡೆಕ್ಸ್‌ಗಳಲ್ಲಿ ಮಾತ್ರ.

180 ಡಿಗ್ರಿ ರೇಖಾಂಶವನ್ನು ದಾಟುವ ಆಕಾರಗಳನ್ನು, ಫಿಜಿಯಂಥವನ್ನು, ನಾನು ಮೊದಲೇ ಅಲ್ಲಿ ಕತ್ತರಿಸಿ ಮಲ್ಟಿಪಾಲಿಗನ್ (ಹಲವು ತುಂಡುಗಳ ಒಂದೇ ಆಕಾರ) ಮಾಡಿ ಕೊಡುತ್ತೇನೆ. ಆರ್‌ಎಫ್‌ಸಿ 7946 ಹೇಳುವುದೂ ಅದನ್ನೇ. ಕತ್ತರಿಸದಿದ್ದರೆ ಐದಾರು ಡಿಗ್ರಿ ಅಗಲದ ದ್ವೀಪಗಳು ಭೂಮಿಯನ್ನೇ ಸುತ್ತುವ ಪಟ್ಟಿಯಾಗಿಬಿಡಬಹುದು.

ಕೊನೆಗೆ ವೇಗ. ಆಡಳಿತದ ಗಡಿಗಳಲ್ಲಿ, ಅದರಲ್ಲೂ ಕರಾವಳಿ ಇರುವ ಕಡೆ, ಸಾವಿರಾರು ಪಾಯಿಂಟ್‌ಗಳಿರುತ್ತವೆ. ಪ್ರತಿ ಕ್ವೆರಿಗೂ ಅಷ್ಟನ್ನೂ ಕಳಿಸಿದರೆ ರಿಕ್ವೆಸ್ಟೇ ಭಾರವಾಗುತ್ತದೆ. ಗಡಿಗಳನ್ನು ಬೇರೆ ಇಂಡೆಕ್ಸ್‌ನಲ್ಲಿಟ್ಟು, ಕ್ವೆರಿಯಲ್ಲಿ ಐಡಿ ಮಾತ್ರ ಕೊಡುವ 'ಇಂಡೆಕ್ಸ್ಡ್ ಶೇಪ್' ದಾರಿ ನನಗೆ ಚೆನ್ನಾಗಿ ಒದಗಿತು. ಪಾಯಿಂಟ್ ಕಡಿಮೆ ಮಾಡಲು 1973ರ ಡಗ್ಲಸ್-ಪ್ಯೂಕರ್ ವಿಧಾನವೂ ಇದೆ. ಆದರೆ ಅದು ಸವರಿದ ಗೆರೆ ಎಷ್ಟೋ ಸಲ ತನ್ನನ್ನೇ ತಾನು ದಾಟುತ್ತದೆ. ಹಾಗಾಗಿ ಸವರಿದ ಮೇಲೆ ಆಕಾರ ಸರಿಯಿದೆಯೇ ಅಂತ ಮತ್ತೆ ಪರೀಕ್ಷಿಸಿಯೇ ಇಂಡೆಕ್ಸ್‌ಗೆ ಬಿಡುತ್ತೇನೆ. ಪಕ್ಕಪಕ್ಕದ ಎರಡು ಗಡಿಗಳನ್ನು ಬೇರೆ ಬೇರೆಯಾಗಿ ಸವರಿದರೆ ನಡುವೆ ಸೀಳು ಬೀಳುತ್ತದೆ, ಅಲ್ಲಿನ ಮನೆ ಯಾವ ಕಡೆಗೂ ಸೇರುವುದಿಲ್ಲ. ಗಡಿಗಳನ್ನೆಲ್ಲ ಟೋಪೋಜೇಸನ್ (ಹಂಚಿಕೊಂಡ ಅಂಚನ್ನು ಒಂದೇ ಸಲ ಬರೆದಿಡುವ ನಮೂನೆ) ಮಾಡಿಕೊಂಡು, ಹಂಚಿಕೊಂಡ ಅಂಚನ್ನು ಒಂದೇ ಸಲ ಸವರಿದರೆ ಆ ಸೀಳು ಬರುವುದಿಲ್ಲ.