ಇನ್ಸುಲಿನ್ ಡೋಸ್ ತಿದ್ದುವ ಅಧಿಕಾರ ಮನೆಗೆ ಕೊಟ್ಟೆವು: ಮಕ್ಕಳ ಟೈಪ್ 1 ಸಕ್ಕರೆ ಕಾಯಿಲೆ ಕ್ಲಿನಿಕ್‌ನ ಅನುಭವ

ಮಗುವಿನ ಇನ್ಸುಲಿನ್ ಬಗ್ಗೆ "ಏನು ಮಾಡೋಣಮ್ಮ?" ಎಂದು ತಾಯಿಯನ್ನು ಕೇಳಿದರೆ "ನೀವು ಹೇಳಿದ ಹಾಗೆ ಡಾಕ್ಟ್ರೇ" ಎಂಬ ಉತ್ತರವೇ ಬರುತ್ತದೆ. ಅದು ಒಪ್ಪಿಗೆಯಲ್ಲ. ಹಳ್ಳಿಯ ತಂದೆತಾಯಿಯ ಕೈಗೆ ಡೋಸ್ ಕೊಟ್ಟರೆ ಎಡವಟ್ಟಾಗುತ್ತದೆ ಎಂದು ನಮಗೆ ಹೇಳಿದವರು ಬಹಳ. ಈಗ ನಮ್ಮಲ್ಲಿ ಹೆಚ್ಚಿನ ಮನೆಯವರು ತಾವೇ ತಿದ್ದಿಕೊಳ್ಳುತ್ತಾರೆ, ರಾತ್ರಿ ಲೋ ಆಗಿ (ಶುಗರ್ ತೀರ ಇಳಿದು) ಓಡಿಬರುವ ಮಕ್ಕಳು ಕಡಿಮೆಯಾಗಿದ್ದಾರೆ.

ನಾವು ಬದಲಿಸಿದ್ದು ಪ್ರಶ್ನೆಯನ್ನು. ಇನ್ಸುಲಿನ್ ದಿನಕ್ಕೆ ಎರಡು ಚುಚ್ಚು, ಮೂರು, ನಾಲ್ಕು: ಮೂರೂ ದಾರಿಗಳನ್ನು ಹಾಳೆಯ ಮೇಲೆ ಬರೆದು, ಪ್ರತಿಯೊಂದರ ಕೆಳಗೆ ತಿಂಗಳ ಖರ್ಚು, ಚುಚ್ಚುವವರು ಯಾರು, ಶಾಲೆಯಲ್ಲಿ ಮಧ್ಯಾಹ್ನ ಯಾರು ಎಂಬುದನ್ನು ಮನೆಯವರ ಕೈಯಲ್ಲೇ ತುಂಬಿಸುತ್ತೇವೆ. ವೈದ್ಯರು ಬರುವುದು ಆಮೇಲೆ. ಅಡುಗೆ ಮಾಡುವವರು, ಎಷ್ಟೋ ಮನೆಗಳಲ್ಲಿ ಅಜ್ಜಿ, ಫೋನಿನಲ್ಲಾದರೂ ಇರಲೇಬೇಕು.

ಹೆಚ್ಚು ಮನೆಗಳು ಆರಿಸುವುದು ಮೂರು ಚುಚ್ಚು. ಎರಡೇ ಚುಚ್ಚಾದರೆ, ರಾತ್ರಿ 8ಕ್ಕೆ ಊಟದ ಇನ್ಸುಲಿನ್ ಜೊತೆಗೇ ಕೊಟ್ಟ ಎನ್‌ಪಿಎಚ್ (ನಿಧಾನವಾಗಿ ಕೆಲಸ ಮಾಡುವ ಇನ್ಸುಲಿನ್) ನಡುರಾತ್ರಿ 2-3 ಗಂಟೆ ಹೊತ್ತಿಗೆ ಜೋರಾಗಿ ಮಗುವನ್ನು ಲೋ ಮಾಡುತ್ತದೆ. ಬೇಗ ಕೆಲಸ ಮಾಡುವ ತಿಳಿ ಇನ್ಸುಲಿನ್ ಊಟಕ್ಕೆ ಅರ್ಧ ಗಂಟೆ ಮುಂಚೆ, ಎನ್‌ಪಿಎಚ್ ಮಲಗುವಾಗ ಎಂದು ಬೇರೆ ಮಾಡಿದರೆ ಆ ಜೋರು ಬೆಳಗಿನ ಕಡೆ ಸರಿಯುತ್ತದೆ. ಇನ್ಸುಲಿನ್ ಖರ್ಚು ಹೆಚ್ಚುಕಡಿಮೆ ಅಷ್ಟೇ. ಎರಡನ್ನೂ ಮೊದಲೇ ಬೆರೆಸಿದ 30/70 ಬಾಟಲಿಯಲ್ಲಿ ಇದು ಆಗದು, ಎರಡು ಬೇರೆ ಬಾಟಲಿ ಬೇಕು.

ಆಮೇಲೆ, ಮನೆಯವರು ಎಷ್ಟು ತಿದ್ದಬಹುದು ಎಂಬ ಮಿತಿ. ಪುಟ ತುಂಬ ಕೋಷ್ಟಕ ಬರೆದುಕೊಟ್ಟಾಗ ಯಾರೂ ತೆರೆದು ನೋಡಲಿಲ್ಲ. ಈಗ ಕೆಲವೇ ಸಾಲು, ಕೆಳಗೆ ವೈದ್ಯರ ಸಹಿ, ಮನೆಯವರ ಸಹಿ. ಸತತ ಮೂರು ಬೆಳಿಗ್ಗೆ ಶುಗರ್ 180 ದಾಟಿ, ರಾತ್ರಿ 3ರ ಶುಗರ್ 100ಕ್ಕಿಂತ ಮೇಲಿದ್ದರೆ ಮಾತ್ರ ರಾತ್ರಿಯ ಎನ್‌ಪಿಎಚ್ ಶೇ. 10 ಏರಿಸುವುದು, 10 ಯೂನಿಟ್ ಇದ್ದರೆ 11. ಬೇರೆ ಕಾರಣವಿಲ್ಲದೆ 70ರ ಕೆಳಗೆ ಬಂದರೆ ಅದಕ್ಕೆ ಕಾರಣವಾದ ಡೋಸನ್ನು ಮರುದಿನವೇ ಶೇ. 10-20 ಇಳಿಸುವುದು. ಒಮ್ಮೆಗೆ ಒಂದೇ ಡೋಸ್ ಮುಟ್ಟುವುದು. ಇದರಾಚೆಗೆ ಫೋನ್.

ಅತಿ ಅಪಾಯದ ಜಾಗ ಸಿರಿಂಜ್. ನಮ್ಮ ಬಾಟಲಿಗಳು ಹೆಚ್ಚಾಗಿ ಮಿ.ಲೀ.ಗೆ 40 ಯೂನಿಟ್, ಪೆನ್ನಿನ ಕಾರ್ಟ್ರಿಜ್ 100. ಪೆನ್ ಕೆಟ್ಟ ದಿನ ಕಾರ್ಟ್ರಿಜ್‌ನಿಂದ 40ರ ಬಾಟಲಿಗೆಂದು ಗೆರೆ ಹಾಕಿದ, ಕೆಂಪು ಮುಚ್ಚಳದ ಹಳೆ ಸಿರಿಂಜ್‌ಗೆ 10ರ ಗೆರೆವರೆಗೆ ಎಳೆದರೆ ಮಗುವಿಗೆ ಹೋಗುವುದು 25 ಯೂನಿಟ್. ಪೆನ್ ಕೊಡುವ ದಿನವೇ ಹಳೆ ಸಿರಿಂಜ್‌ಗಳನ್ನು ವಾಪಸ್ ಪಡೆಯಿರಿ, ಒಂದನ್ನೂ ಬಿಡಬೇಡಿ.

ಇನ್ನು ದುಡ್ಡು. ಹೊರೆ ಇನ್ಸುಲಿನ್‌ಗಿಂತ ಮೀಟರ್‌ನಲ್ಲಿ ಶುಗರ್ ನೋಡುವ ಸ್ಟ್ರಿಪ್‌ನದು. 50ರ ಡಬ್ಬಿ ಸಾವಿರದ ಆಸುಪಾಸು. ದಿನಕ್ಕೆ ನಾಲ್ಕು ಅಂದರೆ ತಿಂಗಳಿಗೆ ಎರಡೂವರೆ ಸಾವಿರ. ಅಷ್ಟು ಆಗದವರು ಪುಸ್ತಕದಲ್ಲಿ 120, 130, 140 ಎಂದು ಚಂದದ ಅಂಕಿ ಬರೆದು ತರುತ್ತಾರೆ. ಮೀಟರ್ ಮೆಮೊರಿ ತೆಗೆದು ಗದರಿದರೆ ಮುಂದಿನ ಸಲ ಮೀಟರ್ ಮನೆಯಲ್ಲೇ ಉಳಿಯುತ್ತದೆ. "ತಿಂಗಳಿಗೆ ಎಷ್ಟು ಸ್ಟ್ರಿಪ್ ಕೊಳ್ಳಬಹುದು?" ಎಂದು ಮೊದಲೇ ಕೇಳಿ, ಯಾವ ಹೊತ್ತಿನಲ್ಲಿ ನೋಡಬೇಕೆಂದು ಜೊತೆಗೆ ಕೂತು ಹಂಚುತ್ತೇವೆ. ತಿಂಗಳಿಗೆ ಒಂದೇ ಡಬ್ಬಿ ಎಂದಾದರೆ ಬೆಳಿಗ್ಗೆ ಒಂದು ದಿನವೂ ತಪ್ಪದಂತೆ, ಉಳಿದವನ್ನು ವಾರಕ್ಕೊಂದು ದಿನ ಊಟಗಳ ಮುಂಚೆ ಮತ್ತು ರಾತ್ರಿ 3ಕ್ಕೆ. ಮಾತಾಡದ ತಂದೆಯ ಬಾಯಿಂದ ಖರ್ಚಿನ ಮಾತು ಬರಿಸುವ ಒಂದು ಬಗೆಯಿದೆ. ಅದನ್ನು ಬರೆಯುವುದಿಲ್ಲ, ಕ್ಲಿನಿಕ್ಕಿಗೆ ಬಂದು ಕೂತವರಿಗೆ ತೋರಿಸುತ್ತೇವೆ.

ಊಟದಲ್ಲಿ ಕಾರ್ಬ್ (ಶುಗರ್ ಏರಿಸುವ ಪಿಷ್ಟ, ಸಕ್ಕರೆ) ಎಷ್ಟೆಂದು ತಿಳಿಯಲು ನಡುವೆ ರಾಗಿ ಮುದ್ದೆಯನ್ನೂ ತೂಗಿ ನೋಡಿದೆವು. ನೀರು ಒಂದೊಂದು ಮನೆಯಲ್ಲಿ ಒಂದೊಂದು ಅಳತೆ, ಹಾಗಾಗಿ ಮುದ್ದೆಯ ತೂಕದಿಂದ ಏನೂ ತಿಳಿಯದು. ಹಿಟ್ಟು ತೂಗಬೇಕು: 100 ಗ್ರಾಂ ರಾಗಿ ಹಿಟ್ಟಿನಲ್ಲಿ ಕಾರ್ಬ್ 70 ಗ್ರಾಂ ಹತ್ತಿರ. ಲೋಟಕ್ಕೆ ಗೆರೆ ಹಾಕಿ ಅಜ್ಜಿಗೆ ಕೊಟ್ಟ ಮೇಲೆ ರಾತ್ರಿಯ ಶುಗರ್ ಏರಿಳಿತ ಎಷ್ಟೋ ತಗ್ಗಿತು.

ಒಂದು ವಿಷಯದಲ್ಲಿ ಮಾತ್ರ ಆಯ್ಕೆ ಕೊಡುವುದಿಲ್ಲ. ಮಗು ವಾಂತಿ ಮಾಡುತ್ತಿದೆ, ಶುಗರ್ 250 ದಾಟಿದೆ ಅಂದರೆ ಏನೂ ತಿನ್ನದಿದ್ದರೂ ಎನ್‌ಪಿಎಚ್ ಪೂರ್ತಿ ನಿಲ್ಲಿಸಕೂಡದು, ಕೀಟೋನ್ (ಇನ್ಸುಲಿನ್ ಸಾಲದಾಗ ಮೈಯಲ್ಲಿ ಸೇರುವ ಆಮ್ಲ) ನೋಡಬೇಕು, ಆ ಗಳಿಗೆಯೇ ಫೋನ್ ಮಾಡಬೇಕು.