ಮೂರು ಕಂಪ್ಯೂಟರ್‌ಗೆ ನಾನೇ ಕನ್ನ ಹಾಕಿದ ಕಥೆ

ರಾಯಚೂರಿನ ರಾಜೇಂದ್ರ ಗಂಜ್‌ನಲ್ಲಿ ಹತ್ತಿ ಸೀಸನ್ ಶುರುವಾದರೆ ಅಡತಿ ಅಂಗಡಿಯವರಿಗೆ ಚಹಾ ಕುಡಿಯಲೂ ಪುರುಸೊತ್ತು ಇರುವುದಿಲ್ಲ. ಕಂಪ್ಯೂಟರ್‌ಗಳು ಕೆಡುವುದೂ ಅದೇ ಹೊತ್ತಿಗೆ. ಅಲ್ಲಿನ ಕೆಲವು ಅಂಗಡಿಗಳ ಕಂಪ್ಯೂಟರ್ ನೋಡಿಕೊಳ್ಳುವುದು ನನ್ನ ಕೆಲಸ. 2021ರ ಡಿಸೆಂಬರ್‌ನಲ್ಲಿ ಒಂದು ಬೆಳಿಗ್ಗೆ ಒಬ್ಬ ಗುಮಾಸ್ತರ ಫೋನ್ ಬಂತು. "ಅಣ್ಣಾ, ಒಂದ್ ಫೈಲೂ ತೆರೀವಲ್ದು. ಎಲ್ಲಾದರ ಹೆಸರೂ ಬದಲಾಗ್ಯಾವ."

ಹೋಗಿ ನೋಡಿದೆ. ಪ್ರತಿ ಫೈಲಿನ ಬಾಲಕ್ಕೂ ನಾಲ್ಕು ಅಕ್ಷರ ಅಂಟಿಕೊಂಡಿದ್ದವು. ಫೋಲ್ಡರ್ ಫೋಲ್ಡರಿನಲ್ಲೂ ಒಂದು ಚೀಟಿ. 980 ಡಾಲರ್ ಕೊಡಿ, 72 ಗಂಟೆಯೊಳಗೆ ಮಾತಾಡಿದರೆ ಅರ್ಧ ರೇಟು, 490. ಗಂಜ್‌ನಲ್ಲಿ ಕೂತವನೇ ಬರೆದ ಹಾಗಿತ್ತು, ಅಷ್ಟು ಲೆಕ್ಕಾಚಾರದ ರಿಯಾಯಿತಿ. ಅದು ಫೈಲ್‌ಗಳಿಗೆ ಬೀಗ ಜಡಿದು ದುಡ್ಡು ಕೇಳುವ, ಸ್ಟಾಪ್ ಅನ್ನುವ ರ‍್ಯಾನ್ಸಮ್‌ವೇರ್. ಹೆಚ್ಚಾಗಿ, ದುಡ್ಡು ಕೊಡದೆ ಬಳಸಲು ಬೀಗ ಮುರಿದ ಕ್ರ್ಯಾಕ್ ಸಾಫ್ಟ್‌ವೇರಿನ ಜೊತೆ ಒಳಗೆ ಬರುತ್ತದೆ. ಗುಮಾಸ್ತರು ಹಿಂದಿನ ಸಂಜೆ ಯಾವುದೋ ಪಿಡಿಎಫ್ ಎಡಿಟರ್‌ನ ಕ್ರ್ಯಾಕ್ ಇಳಿಸಿದ್ದರು. ಲೆಕ್ಕ ಬರೆಯುವ ಟ್ಯಾಲಿಯ ಬ್ಯಾಕಪ್ ಇದ್ದ ಪೆನ್‌ಡ್ರೈವ್ ಯಾವಾಗಲೂ ಹಿಂದೆ ಚುಚ್ಚಿಕೊಂಡೇ ಇರುತ್ತಿತ್ತು. ಅದೂ ಹೋಯಿತು. ದೀಪಾವಳಿ ಹೊತ್ತಿಗೆ ಲೆಕ್ಕಪರಿಶೋಧಕರಿಗೆ ಕೊಟ್ಟಿದ್ದ ಒಂದು ಕಾಪಿ ಉಳಿದಿತ್ತು. ಒಂದು ತಿಂಗಳ ವ್ಯವಹಾರವನ್ನು ಪಟ್ಟಿ ನೋಡಿ ನೋಡಿ ಮತ್ತೆ ಹಾಕಿದೆವು.

ಆವತ್ತು ಸಾಹುಕಾರರ ಮುಂದೆ ಜೋರಾಗಿ ಹೇಳಿದೆ: "ವಿಂಡೋಸ್ ಅಂದ್ರೆ ಹಿಂಗೇ ರೀ. ಲಿನಕ್ಸ್ ಹಾಕ್ತೀನಿ ತಡೀರಿ, ಅದಕ್ಕ ವೈರಸ್ಸೇ ಬರಂಗಿಲ್ಲ." ಲಿನಕ್ಸ್ ಅಂದರೆ ವಿಂಡೋಸ್ ಥರವೇ ಕಂಪ್ಯೂಟರ್ ನಡೆಸುವ ಇನ್ನೊಂದು ವ್ಯವಸ್ಥೆ.

ಹೇಳದೆ ಉಳಿಸಿಕೊಂಡದ್ದು ಇನ್ನೊಂದು ಇತ್ತು. ಆ ಕಂಪ್ಯೂಟರ್‌ಗೆ ಕ್ರ್ಯಾಕ್ ಆಫೀಸ್ ಹಾಕಿಕೊಟ್ಟವನು ನಾನೇ. ಅದರ ಬೀಗ ಮುರಿಯುವ ಆಕ್ಟಿವೇಟರನ್ನು, ವಿಂಡೋಸ್ ಜೊತೆಗೇ ಬರುವ ಆಂಟಿವೈರಸ್ ಡಿಫೆಂಡರ್ ಹಿಡಿದು ಅಳಿಸುತ್ತಿತ್ತು. ಆಫ್ ಮಾಡಿದರೆ ತಾನೇ ಮತ್ತೆ ಆನ್ ಆಗುತ್ತಿತ್ತು. ಸಿಟ್ಟು ಬಂದು ಇಡೀ ಸಿ ಡ್ರೈವನ್ನೇ 'ಇದನ್ನು ನೋಡಬೇಡ' ಅನ್ನುವ ಪಟ್ಟಿಗೆ ಸೇರಿಸಿದ್ದೆ. ತೆಗೆಯುವುದನ್ನು ಮರೆತೆ. ಕಾವಲುಗಾರನ ಕಣ್ಣು ಕಟ್ಟಿ, ಆಮೇಲೆ ಅವನನ್ನೇ ಬೈದ ಹಾಗಾಯಿತು.

ಎಳ್ಳಮಾವಾಸ್ಯೆ ಮುಗಿದ ಮೇಲೆ, 2022ರ ಜನವರಿ ಮೊದಲ ವಾರ, ಆ ಕಂಪ್ಯೂಟರ್‌ಗೆ ಲಿನಕ್ಸ್ ಮಿಂಟ್ ಹಾಕಿದೆ. ಟ್ಯಾಲಿಯೂ ಜಿಎಸ್‌ಟಿ ಸಹಿಯ ಟೋಕನ್ನೂ ಪಕ್ಕದ ಇನ್ನೊಂದು ಕಂಪ್ಯೂಟರಿನ ವಿಂಡೋಸ್‌ನಲ್ಲೇ ಉಳಿದವು. ಮೇಲ್, ವಾಟ್ಸಾಪ್, ಪತ್ರ ಟೈಪ್ ಮಾಡುವುದು ಲಿನಕ್ಸ್‌ನಲ್ಲಿ. ಕನ್ನಡಕ್ಕೆ ಕಗಪ ಕೀಲಿಮಣೆ ಅದರಲ್ಲೇ ಇದೆ, ನುಡಿಯಲ್ಲಿ ಕೈ ಪಳಗಿದ ಗುಮಾಸ್ತರಿಗೆ ಎರಡು ದಿನ ಸಾಕಾಯಿತು.

ಪೆನ್‌ಡ್ರೈವಿನ ವಿಷಯದಲ್ಲಂತೂ ಲಿನಕ್ಸ್ ನನ್ನ ಮಾನ ಉಳಿಸಿತು. ಜೆರಾಕ್ಸ್ ಅಂಗಡಿಗೆ ಹೋಗಿ ಬಂದ ಪೆನ್‌ಡ್ರೈವ್‌ನಲ್ಲಿ ಶಾರ್ಟ್‌ಕಟ್ ವೈರಸ್ ಇದ್ದೇ ಇರುತ್ತದೆ. ನಿಜವಾದ ಫೋಲ್ಡರನ್ನು ಅಡಗಿಸಿ, ಅದೇ ಹೆಸರಿನ ಶಾರ್ಟ್‌ಕಟ್ ಇಡುತ್ತದೆ. ಲಿನಕ್ಸ್ ಆ ಅಡಗಿಸುವ ಗುರುತನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಅಸಲಿ, ನಕಲಿ ಎರಡೂ ಪಕ್ಕ ಪಕ್ಕ ಕಾಣುತ್ತವೆ. ಗುಮಾಸ್ತರೇ ನಕಲಿ ಅಳಿಸುವುದು ಕಲಿತರು. ನನ್ನ ಬಡಾಯಿ ಇನ್ನೂ ಜಾಸ್ತಿಯಾಯಿತು.

2023ರ ಮೇ ತಿಂಗಳು. ಗಂಜ್ ಖಾಲಿ, ಬಿಸಿಲಿಗೆ ನಾಯಿಯೂ ರಸ್ತೆಗೆ ಇಳಿಯುವುದಿಲ್ಲ. ಸಾಹುಕಾರರ ಮಗ ಇಂಜಿನಿಯರಿಂಗ್ ರಜೆಗೆ ಬಂದಿದ್ದ. "ಕಾಕಾ, ಲಿನಕ್ಸ್ ಸೇಫ್ ಅಂತೀರಲ್ಲ, ಯಾವಾಗರ ಪರೀಕ್ಷೆ ಮಾಡೀರೇನು?" ಅಂದ. ಮಾಡಿರಲಿಲ್ಲ. ಅವನ ಹತ್ತಿರ ಆ್ಯಪಲ್‌ನ ಎಂ1 ಚಿಪ್ಪಿನ ಮ್ಯಾಕ್‌ಬುಕ್ ಇತ್ತು, ಅಂಗಡಿಯಲ್ಲಿ ವಿಂಡೋಸ್ 10 ಮತ್ತು ಮಿಂಟ್. ಸಾಹುಕಾರರ ಒಪ್ಪಿಗೆ ಪಡೆದು, ಇದ್ದದ್ದೆಲ್ಲ ಬೇರೆ ಡಿಸ್ಕಿಗೆ ಕಾಪಿ ಮಾಡಿ, ಮೂರಕ್ಕೂ ಕನ್ನ ಹಾಕಲು ಕೂತೆವು.

ಹುಡುಗ ಮೊದಲು ಒಂದು ಲೆಕ್ಕ ತೆಗೆದ. ಯಾವುದರ ಭದ್ರತೆಯಲ್ಲಿ ಎಷ್ಟು ತೂತು ಸಿಕ್ಕಿವೆ ಅನ್ನುವ ಸಿವಿಇ ಪಟ್ಟಿ. ನಾನು ಬೇಡ ಅಂದೆ. ಲಿನಕ್ಸ್‌ನವರ ಹಾಗೆ ಕೋಡ್ ಎಲ್ಲ ಬಿಚ್ಚಿಟ್ಟವರ ತಪ್ಪು ಜಾಸ್ತಿ ಕಾಣುತ್ತದೆ, ಅಷ್ಟೇ. ಮುಂದೆ 2024ರ ಫೆಬ್ರವರಿಯಲ್ಲಿ ಲಿನಕ್ಸ್‌ನ ತಿರುಳಾದ ಕರ್ನೆಲ್‌ನವರು ತಾವೇ ಸಿವಿಇ ನಂಬರ್ ಕೊಡಲು ಶುರು ಮಾಡಿದರು. ಸಣ್ಣ ಸಣ್ಣ ತಿದ್ದುಪಡಿಗೂ ನಂಬರ್ ಬಿದ್ದು ಪಟ್ಟಿ ಸಿಕ್ಕಾಪಟ್ಟೆ ಬೆಳೆಯಿತು. ರಾತ್ರೋರಾತ್ರಿ ಲಿನಕ್ಸ್ ಕೆಟ್ಟು ಹೋಯಿತು ಅಂತ ಅರ್ಥವೇ?

ಮೊದಲ ಕನ್ನ, ಕಂಪ್ಯೂಟರ್ ಕಳುವಾದರೆ ಏನಾಗುತ್ತದೆ ಅಂತ. ಉಬುಂಟು ಅನ್ನುವ ಇನ್ನೊಂದು ಲಿನಕ್ಸ್ ಇದ್ದ ಪೆನ್‌ಡ್ರೈವ್ ಹಾಕಿ ಅದರಿಂದಲೇ ಕಂಪ್ಯೂಟರ್ ಎಬ್ಬಿಸಿದೆ. ವಿಂಡೋಸ್ ಡಿಸ್ಕ್ ಪಾಸ್‌ವರ್ಡ್ ಕೇಳದೆ ಪೂರ್ತಿ ತೆರೆದುಕೊಂಡಿತು. ಮಿಂಟ್ ಡಿಸ್ಕ್ ಕೂಡ ಹಾಗೇ. ಎರಡರಲ್ಲೂ ಡಿಸ್ಕನ್ನು ಕೀಲಿ ಇಲ್ಲದೆ ಓದಲಾಗದ ಹಾಗೆ ಎನ್‌ಕ್ರಿಪ್ಟ್ ಮಾಡಿರಲಿಲ್ಲ. ಇನ್‌ಸ್ಟಾಲ್ ಮಾಡುವಾಗ ಮಿಂಟ್ ಆ ಆಯ್ಕೆ ತೋರಿಸಿತ್ತು, ಅವಸರದಲ್ಲಿ ದಾಟಿ ಹೋಗಿದ್ದೆ. ಮ್ಯಾಕ್ ನಮ್ಮ ಪೆನ್‌ಡ್ರೈವ್ ಕಡೆ ತಿರುಗಿಯೂ ನೋಡಲಿಲ್ಲ. ಪವರ್ ಬಟನ್ ಒತ್ತಿ ಹಿಡಿದು ರಿಕವರಿಗೆ ಹೋದರೆ ಅಲ್ಲೂ ಪಾಸ್‌ವರ್ಡ್ ಕೇಳಿತು. ಹುಡುಗ ಮೀಸೆ ತಿರುವಿದ. ನಾನೂ ಬಿಡಲಿಲ್ಲ, 2017ರ ನವೆಂಬರ್ ನೆನಪಿಸಿದೆ. ಆಗ ಮ್ಯಾಕ್‌ನ ಹೈ ಸಿಯೆರಾ ಆವೃತ್ತಿಯಲ್ಲಿ ಹೆಸರಿನ ಜಾಗದಲ್ಲಿ ರೂಟ್ (ಎಲ್ಲ ಅಧಿಕಾರ ಇರುವ ಖಾತೆಯ ಹೆಸರು) ಅಂತ ಬರೆದು, ಪಾಸ್‌ವರ್ಡ್ ಖಾಲಿ ಬಿಟ್ಟು ಒಂದೆರಡು ಸಲ ಒತ್ತಿದರೆ ಬಾಗಿಲು ತೆರೆಯುತ್ತಿತ್ತು. ಮರುದಿನವೇ ಸರಿ ಮಾಡಿದರು, ಅದು ಬೇರೆ ಮಾತು.

ಎರಡನೆಯ ಕನ್ನ ನನ್ನ ಹೊಟ್ಟೆಗೇ ಬಿತ್ತು. ಮಿಂಟ್‌ನಲ್ಲಿ ಯಾವ ಅಧಿಕಾರವೂ ಇಲ್ಲದ ಹೊಸ ಖಾತೆ ಮಾಡಿದೆ. ಪ್ವನ್‌ಕಿಟ್ ಅಂತ ಹೆಸರು ಬಿದ್ದ ಒಂದು ತೂತು ಇದೆ, ಪಿಕೆಎಕ್ಸೆಕ್ ಅನ್ನುವ ಸಣ್ಣ ಪ್ರೋಗ್ರಾಂನಲ್ಲಿ. 2009ರಿಂದ ಯಾರ ಕಣ್ಣಿಗೂ ಬೀಳದೆ ಕೂತಿತ್ತು. 2022ರ ಜನವರಿ 25ರಂದು ಕ್ವಾಲಿಸ್ ಕಂಪನಿಯವರು ಬಹಿರಂಗ ಮಾಡಿದರು. ನಾನು ಮಿಂಟ್ ಹಾಕಿ ಬರೀ ಮೂರು ವಾರ ಆಗಿತ್ತು ಆಗ. ಆ ತೂತು ಮುಚ್ಚುವ ತೇಪೆ ಆವತ್ತೇ ಬಂದಿತ್ತು. ಆದರೆ ಮಿಂಟ್‌ನಲ್ಲಿ ತಾನಾಗಿ ಅಪ್‌ಡೇಟ್ ಆಗುವುದನ್ನು ನಾವೇ ಆನ್ ಮಾಡಬೇಕು. ನಾನು ಮಾಡಿರಲಿಲ್ಲ. ಮೂಲೆಯಲ್ಲಿ ಗುರಾಣಿಯ ಚಿತ್ರ ಒಂದು ವರ್ಷಕ್ಕೂ ಮೇಲೆ ಸುಮ್ನೆ ಕರೆಯುತ್ತಾ ಕೂತಿತ್ತು. ಗುಮಾಸ್ತರು ಅದನ್ನು ಅಲಂಕಾರ ಅಂದುಕೊಂಡಿದ್ದರು.

ಆ ತೂತಿನಲ್ಲಿ ನುಗ್ಗುವ ಪರೀಕ್ಷೆಯ ಕೋಡ್ ಓಡಿಸಿದೆ. ಒಂದು ಸೆಕೆಂಡ್. 'ಹೂ ಆಮ್ ಐ' ಅಂತ ಕೇಳಿದರೆ ಕಂಪ್ಯೂಟರ್ 'ರೂಟ್' ಅಂದಿತು. ಏನೂ ಇಲ್ಲದ ಖಾತೆ ಇಡೀ ಕಂಪ್ಯೂಟರಿನ ಯಜಮಾನ ಆಗಿತ್ತು. ಪಕ್ಕದ ವಿಂಡೋಸ್ 10 ಮಾತ್ರ ಒಲ್ಲೆ ಅಂದರೂ ಅಪ್‌ಡೇಟ್ ತಗೊಂಡು, ಬಿಲ್ ಹಾಕುವಾಗ ರೀಸ್ಟಾರ್ಟ್ ಕೇಳಿ ಬೈಸಿಕೊಳ್ಳುತ್ತಾ, ಆ ತಿಂಗಳ ತೇಪೆವರೆಗೂ ಹಾಕಿಸಿಕೊಂಡಿತ್ತು. ಆ ಕಿರಿಕಿರಿಗೂ ಕಾರಣ ಇದೆ. 2017ರ ಮೇ 12ರಂದು ಜಗತ್ತನ್ನೇ ನಡುಗಿಸಿದ ವನ್ನಾಕ್ರೈ ಅನ್ನುವ ರ‍್ಯಾನ್ಸಮ್‌ವೇರನ್ನು ತಡೆಯುವ ತೇಪೆಯನ್ನು ಮೈಕ್ರೋಸಾಫ್ಟ್ ಎರಡು ತಿಂಗಳ ಮೊದಲೇ, ಮಾರ್ಚ್ 14ಕ್ಕೇ ಕೊಟ್ಟಿತ್ತು. ಸಿಕ್ಕಿಬಿದ್ದವರು ಅದನ್ನು ಹಾಕಿಕೊಳ್ಳದವರು. ಈ ಕಥೆಯನ್ನು ನಾನೇ ಎಷ್ಟೋ ಜನರಿಗೆ ಹೇಳಿದ್ದೆ, ವಿಂಡೋಸ್‌ನ ತಪ್ಪು ಅಂತ!

ಮೂರನೆಯದಕ್ಕೆ ಹುಡುಗ ಪೈಥಾನ್‌ನಲ್ಲಿ ಹದಿನೈದು ಸಾಲು ಬರೆದ. ರ‍್ಯಾನ್ಸಮ್‌ವೇರ್ ಥರವೇ ಡಾಕ್ಯುಮೆಂಟ್ಸ್ ಫೋಲ್ಡರಿನ ಫೈಲ್‌ಗಳನ್ನು ಒಂದೊಂದಾಗಿ ತೆರೆದು, ಕಲಸಿ, ಹೆಸರು ಬದಲಿಸುವ ಆಟಿಕೆ. ಲಿನಕ್ಸ್ ಪಾಸ್‌ವರ್ಡ್ ಕೇಳಿ ನಿಲ್ಲಿಸುತ್ತದೆ ಅಂತ ನಾನು ಪಂದ್ಯ ಕಟ್ಟಿದೆ. ಒಂದು ಪ್ಲೇಟ್ ಮಿರ್ಚಿ, ಮಂಡಕ್ಕಿ. ಸೋತೆ. ಕೇಳಲೇ ಇಲ್ಲ. ಯಾಕೆ ಕೇಳಬೇಕು? ಫೈಲ್ ಗುಮಾಸ್ತರದು, ಪ್ರೋಗ್ರಾಂ ಓಡಿಸಿದ್ದು ಗುಮಾಸ್ತರ ಖಾತೆ. ಪಾಸ್‌ವರ್ಡ್ ಬೇಕಾಗುವುದು ಸಿಸ್ಟಮ್ ಮುಟ್ಟಲು. ಸಿಸ್ಟಮ್ ಹೋದರೆ ಅರ್ಧ ಗಂಟೆಯಲ್ಲಿ ಮತ್ತೆ ಹಾಕುತ್ತೇನೆ. ಸಾಹುಕಾರರ ಜೀವ ಇರುವುದು ಲೆಕ್ಕದ ಫೈಲ್‌ಗಳಲ್ಲಿ, ಅಲ್ವಾ? ಇಷ್ಟು ವರ್ಷ ನಾನು ಮನೆಯ ಗೋಡೆ ಎಷ್ಟು ಗಟ್ಟಿ ಅಂತ ಹೊಗಳುತ್ತಿದ್ದೆ, ತಿಜೋರಿ ಕಟ್ಟೆಯ ಮೇಲೆ ಇತ್ತು.

ವಿಂಡೋಸ್‌ನಲ್ಲೂ ಮೊದಲ ಸಲ ಎಲ್ಲ ಕಲಸಿ ಹೋಯಿತು. ಆಮೇಲೆ ಡಿಫೆಂಡರ್‌ನ ಸೆಟಿಂಗ್‌ನಲ್ಲಿ 'ಕಂಟ್ರೋಲ್ಡ್ ಫೋಲ್ಡರ್ ಆಕ್ಸೆಸ್' ಆನ್ ಮಾಡಿದೆ. 2017ರಿಂದ ಇದೆ, ಆಫ್ ಆಗಿಯೇ ಬರುತ್ತದೆ. ಮತ್ತೆ ಓಡಿಸಿದರೆ ಪೈಥಾನ್‌ಗೆ ತಡೆ ಬಿತ್ತು, ಒಂದು ಫೈಲೂ ಅಲುಗಲಿಲ್ಲ. ಮ್ಯಾಕ್, ಈ ಟರ್ಮಿನಲ್‌ಗೆ ಡಾಕ್ಯುಮೆಂಟ್ಸ್ ನೋಡಲು ಬಿಡಲೇ ಅಂತ ಕೇಳಿತು. 2019ರ ಕ್ಯಾಟಲಿನಾ ಆವೃತ್ತಿಯಿಂದ ಹಾಗೆ ಕೇಳುತ್ತದೆ. ಹುಡುಗ ಅಭ್ಯಾಸಬಲದಿಂದ ಓಕೆ ಒತ್ತಿಬಿಟ್ಟ. ಅವನ ಕಾಲೇಜಿನ ನೋಟ್ಸಿನ ಕಾಪಿ ಎಲ್ಲ ಕಲಸಿತು. ಮಿರ್ಚಿಯ ದುಡ್ಡು ಇಬ್ಬರೂ ಹಂಚಿಕೊಂಡೆವು.

ವಿಂಡೋಸ್‌ನ ಆ ತಡೆ ಆನ್ ಮಾಡುವವರಿಗೆ ಒಂದೆರಡು ಮಾತು. ಬೇರೆ ಆಂಟಿವೈರಸ್ ಇದ್ದರೆ ಅದು ಕೆಲಸ ಮಾಡುವುದಿಲ್ಲ, ಡಿಫೆಂಡರೇ ಬೇಕು. ಟ್ಯಾಲಿ ಡೇಟಾ ಬೇರೆ ಕಡೆ ಇದ್ದರೆ ಆ ಫೋಲ್ಡರನ್ನು ನೀವೇ ಪಟ್ಟಿಗೆ ಸೇರಿಸಬೇಕು. ಹಳೆಯ ಬಿಲ್ಲಿಂಗ್ ಪ್ರೋಗ್ರಾಂ ಒಂದು ಸೇವ್ ಆಗದೆ ಎರಡು ದಿನ ನನ್ನನ್ನು ಕಾಡಿತು. ಆಮೇಲೆ ಅದಕ್ಕೆ ಅನುಮತಿ ಕೊಟ್ಟೆ.

ಸಾಹುಕಾರರಿಗೆ ಸಂಜೆ ಎಲ್ಲ ಹೇಳಿದೆ, 2021ರ ಆ ಸಿ ಡ್ರೈವಿನ ವಿಷಯವನ್ನೂ ಸೇರಿಸಿ. ಸ್ವಲ್ಪ ಹೊತ್ತು ಸುಮ್ಮನಿದ್ದರು. "ಅಸಲಿ ಆಫೀಸಿಗೆ ಎಷ್ಟಾಗ್ತದ?" ಅಂದರು. ಲಿಬ್ರೆ ಆಫೀಸ್ ಸಾಕು, ಪುಕ್ಕಟೆ ಅಂದೆ. "ಇದನ್ನ ಆಗಲೇ ಹೇಳ್ಬೇಕಿಲ್ಲೇನು?"

ಈಗ ಅಲ್ಲಿ ವಿಂಡೋಸ್ ಇದೆ, ಮಿಂಟೂ ಇದೆ. ಮಿಂಟ್‌ನಲ್ಲಿ ಅಪ್‌ಡೇಟ್ ತಾನಾಗಿ ಆಗುತ್ತದೆ. ವಿಂಡೋಸ್‌ನಲ್ಲಿ ಗುಮಾಸ್ತರ ಖಾತೆ ಸ್ಟ್ಯಾಂಡರ್ಡ್, ಅಡ್ಮಿನ್ ಪಾಸ್‌ವರ್ಡ್ ಸಾಹುಕಾರರ ಡೈರಿಯಲ್ಲಿ. ವಿಂಡೋಸ್ 10ಕ್ಕೆ ತೇಪೆ ಕೊಡುವ ಮಾಮೂಲಿ ಗಡುವು 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಅಲ್ಲಿನ ಪ್ರೊಸೆಸರ್‌ಗೆ 11 ಹತ್ತುವುದಿಲ್ಲ, ಹಾಗಾಗಿ ಟ್ಯಾಲಿಗೆ ಹೊಸ ಕಂಪ್ಯೂಟರ್ ತಂದು, ಹಳೆಯದಕ್ಕೂ ಮಿಂಟ್ ಹಾಕಿದೆ. ಎರಡು ಬ್ಯಾಕಪ್ ಡಿಸ್ಕ್ ಇವೆ, ದಿನ ಬಿಟ್ಟು ದಿನ ಒಂದೊಂದು. ಕಾಪಿ ಮುಗಿದ ತಕ್ಷಣ ಕಿತ್ತು, ಸಾಹುಕಾರರ ಕೈಚೀಲಕ್ಕೆ.

ಮೊನ್ನೆ ಗುಮಾಸ್ತರು ಮತ್ತೆ ಫೋನ್ ಮಾಡಿದರು. "ಅಣ್ಣಾ, ಏನೋ ಪಾಸ್‌ವರ್ಡ್ ಕೇಳಾಕತ್ತದ. ಸಾವ್ಕಾರ್ರು ಊರಾಗಿಲ್ಲ. ಏನ್ ಮಾಡ್ಲಿ?"

"ಏನ್ ಇಳಿಸಿದ್ರಿ?"

ಆ ಕಡೆ ಮಾತಿಲ್ಲ. ಆಮೇಲೆ ಸಣ್ಣ ದನಿ. "ಪಿಡಿಎಫ್ ಎಡಿಟರ್."