ಯಾರು ಮುಂದಕ್ಕೆ, ಯಾರು ಮನೆಗೆ? ಫುಟ್‌ಬಾಲ್ ಅರ್ಹತಾ ಸುತ್ತಿನ ಲೆಕ್ಕ ಹಾಕುವುದು ಹೀಗೆ

ಅರ್ಹತಾ ಸುತ್ತಿನ ಕೊನೆಯ ಪಂದ್ಯದ ದಿನ ನಮ್ಮ ತಂಡದ ಸ್ಕೋರ್ ನೋಡಿದರೆ ಮಾತ್ರ ಸಾಲದು. ಇನ್ನೊಂದು ಊರಿನಲ್ಲಿ ನಡೆಯುವ ಪಂದ್ಯವೂ ನಮ್ಮ ಹಣೆಬರಹ ಬರೆಯುತ್ತಿರುತ್ತದೆ. ‘ಡ್ರಾ ಆದರೆ ಸಾಕಾ? ಅವರು ಸೋತರೆ ನಾವು ಹೋಗ್ತೀವಾ?’ ಎಂದು ಎಲ್ಲರೂ ಕೇಳುತ್ತಾರೆ. ಒಂದು ಹಾಳೆ, ಒಂದು ಪೆನ್ನು ಇದ್ದರೆ ಉತ್ತರ ನೀವೇ ಕಂಡುಕೊಳ್ಳಬಹುದು. ಉದಾಹರಣೆಗೆ 2026ರ ವಿಶ್ವಕಪ್ ಅರ್ಹತಾ ಪಂದ್ಯಗಳಲ್ಲಿ ಭಾರತವಿದ್ದ ಗುಂಪನ್ನೇ ತೆಗೆದುಕೊಳ್ಳೋಣ.

ಮೊದಲು, ಜಾಗ ಎಷ್ಟಿವೆ ಅಂತ ನೋಡಿ

2026ರ ವಿಶ್ವಕಪ್‌ಗೆ 48 ತಂಡ. ಅದರಲ್ಲಿ ಏಷ್ಯಾಕ್ಕೆ 8 ನೇರ ಜಾಗ, ಜೊತೆಗೆ ಪ್ಲೇ ಆಫ್ ಮೂಲಕ ಇನ್ನೊಂದು ಅವಕಾಶ. ಏಷ್ಯಾದ ಎರಡನೇ ಸುತ್ತಿನಲ್ಲಿ 36 ತಂಡಗಳಿದ್ದವು. ನಾಲ್ಕು ನಾಲ್ಕು ತಂಡಗಳ ಒಂಬತ್ತು ಗುಂಪು. ಪ್ರತಿ ಗುಂಪಿನ ಮೊದಲ ಎರಡು ತಂಡಗಳಿಗೆ ಮೂರನೇ ಸುತ್ತು, ಅದರ ಜೊತೆಗೆ 2027ರ ಏಷ್ಯಾ ಕಪ್‌ನಲ್ಲೂ ಜಾಗ. ಭಾರತದ ಗುಂಪಿನಲ್ಲಿ ಕತಾರ್, ಕುವೈತ್, ಅಫ್ಗಾನಿಸ್ತಾನ ಇದ್ದವು. ಅಂದರೆ ಎರಡನೇ ಸ್ಥಾನ ಸಿಕ್ಕರೂ ಸಾಕಿತ್ತು. ಇದನ್ನು ಹಾಳೆಯ ಮೇಲ್ಭಾಗದಲ್ಲೇ ಬರೆದುಕೊಳ್ಳಿ.

ಅಂಕಪಟ್ಟಿ ಬರೆಯಿರಿ

ಗೆದ್ದರೆ 3 ಅಂಕ, ಡ್ರಾ ಆದರೆ 1, ಸೋತರೆ ಸೊನ್ನೆ. ಹೊಡೆದ ಗೋಲುಗಳಲ್ಲಿ ಬಿಟ್ಟುಕೊಟ್ಟ ಗೋಲುಗಳನ್ನು ಕಳೆದರೆ ಗೋಲು ವ್ಯತ್ಯಾಸ. ಐಪಿಎಲ್‌ನ ನೆಟ್ ರನ್ ರೇಟ್ ಗೊತ್ತಿದ್ದವರಿಗೆ ಇದು ಇನ್ನೂ ಸುಲಭ. ಭಾಗಾಕಾರ ಇಲ್ಲ, ದಶಾಂಶ ಇಲ್ಲ.

ಐದೈದು ಪಂದ್ಯ ಮುಗಿದಾಗ ಪಟ್ಟಿ ಹೀಗಿತ್ತು:

ಕತಾರ್: 13 ಅಂಕ
ಭಾರತ: 5 ಅಂಕ, ಗೋಲು ವ್ಯತ್ಯಾಸ −3
ಅಫ್ಗಾನಿಸ್ತಾನ: 5 ಅಂಕ, ಗೋಲು ವ್ಯತ್ಯಾಸ −10
ಕುವೈತ್: 4 ಅಂಕ, ಗೋಲು ವ್ಯತ್ಯಾಸ −1

ಭಾರತದ 5 ಅಂಕ ಎಲ್ಲಿಂದ ಬಂದವು? ಕುವೈತ್‌ಗೆ ಹೋಗಿ ಮನ್ವೀರ್ ಸಿಂಗ್ ಗೋಲಿನಿಂದ 1–0 ಗೆದ್ದೆವು. ಸೌದಿಯ ಅಭಾದಲ್ಲಿ ಅಫ್ಗಾನಿಸ್ತಾನದ ಜೊತೆ, ಕೋಲ್ಕತ್ತದಲ್ಲಿ ಕುವೈತ್ ಜೊತೆ ಗೋಲಿಲ್ಲದ ಡ್ರಾ. ನಡುವೆ ಗುವಾಹಟಿಯಲ್ಲಿ ಅಫ್ಗಾನಿಸ್ತಾನಕ್ಕೆ 1–2ರಿಂದ ಸೋತೆವು. ಸುನಿಲ್ ಚೆಟ್ರಿ ತಮ್ಮ 150ನೇ ಅಂತರರಾಷ್ಟ್ರೀಯ ಪಂದ್ಯದಲ್ಲಿ ಪೆನಾಲ್ಟಿ ಗೋಲು ಹೊಡೆದು ಮುನ್ನಡೆ ಕೊಟ್ಟಿದ್ದರೂ ಅದು ಉಳಿಯಲಿಲ್ಲ. ನನ್ನ ಪ್ರಕಾರ ನಮ್ಮ ದಾರಿ ಮುಚ್ಚಿದ್ದು ಆ ರಾತ್ರಿಯೇ. ತವರಿನ ಪಂದ್ಯದಲ್ಲಿ ಕಳೆದುಕೊಂಡ ಅಂಕವನ್ನು ಕೊನೆಯ ಪಂದ್ಯದಲ್ಲಿ, ಕತಾರ್‌ನ ದೋಹಾದಲ್ಲಿ ಹುಡುಕುವುದು ತುಂಬಾ ಕಷ್ಟ.

ಬಾಕಿ ಪಂದ್ಯಗಳಿಂದ ಸಿಗಬಹುದಾದ ಅಂಕ ಕೂಡಿಸಿ

ಉಳಿದ ಪಂದ್ಯಗಳನ್ನು ಮೂರರಿಂದ ಗುಣಿಸಿ. ಆ ತಂಡ ಎಲ್ಲಿಯವರೆಗೆ ಏರಬಹುದು ಅನ್ನುವುದು ತಿಳಿಯುತ್ತದೆ. ಕೆಲವೊಮ್ಮೆ ಲೆಕ್ಕ ಬೇಗನೇ ಮುಗಿಯುತ್ತದೆ. 2017ರ ಅಕ್ಟೋಬರ್ 11ರಂದು ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ಭಾರತ ಮಕಾವ್ ತಂಡವನ್ನು 4–1ರಿಂದ ಸೋಲಿಸಿತು. ನಾಲ್ಕಕ್ಕೆ ನಾಲ್ಕೂ ಗೆಲುವು. ಎರಡು ಪಂದ್ಯ ಬಾಕಿ ಇರುವಾಗಲೇ 2019ರ ಏಷ್ಯಾ ಕಪ್‌ಗೆ ಜಾಗ ಖಚಿತವಾಯಿತು.

ಕೊನೆಯ ದಿನದ ಒಂಬತ್ತು ಸಾಧ್ಯತೆ

ಎರಡು ಪಂದ್ಯ, ಒಂದೊಂದಕ್ಕೂ ಮೂರು ಫಲಿತಾಂಶ. ಒಟ್ಟು ಒಂಬತ್ತು. ಸುಮ್ನೆ ತಲೆಯಲ್ಲಿ ಹಾಕಲು ಹೋದರೆ ಗೊಂದಲ, ಬರೆದರೆ ಐದು ನಿಮಿಷದ ಕೆಲಸ. 2024ರ ಜೂನ್ 11ರಂದು ಕತಾರ್–ಭಾರತ, ಕುವೈತ್–ಅಫ್ಗಾನಿಸ್ತಾನ ಆಡಬೇಕಿತ್ತು.

ಭಾರತ ಸೋತರೆ 5ರಲ್ಲೇ ನಿಲ್ಲುತ್ತದೆ. ಆ ಕಡೆ ಕುವೈತ್ ಗೆದ್ದರೆ ಅದಕ್ಕೆ 7, ಅಫ್ಗಾನಿಸ್ತಾನ ಗೆದ್ದರೆ ಅದಕ್ಕೆ 8, ಡ್ರಾ ಆದರೂ ಅಫ್ಗಾನಿಸ್ತಾನಕ್ಕೆ 6. ಮೂರರಲ್ಲೂ ನಾವು ಹೊರಗೆ.

ಭಾರತ ಗೆದ್ದರೆ 8. ಕುವೈತ್ 7ರ ಮೇಲೆ ಹೋಗದು. ಅಫ್ಗಾನಿಸ್ತಾನ ಗೆದ್ದು 8ಕ್ಕೆ ಬಂದರೂ −10ರ ಹೊರೆ ಇಳಿಸಲು ಅದಕ್ಕೆ ಗೋಲುಗಳ ಮಳೆಯೇ ಬೇಕು. ಹಾಗಾಗಿ ಗೆದ್ದರೆ ಮುಂದಿನ ಸುತ್ತು ಸಿಕ್ಕ ಹಾಗೇ.

ಭಾರತ ಡ್ರಾ ಮಾಡಿಕೊಂಡರೆ 6. ಆಗ ಆ ಕಡೆ ಯಾರು ಗೆದ್ದರೂ ನಾವು ಹೊರಗೆ. ಅದೂ ಡ್ರಾ ಆದರೆ ಮಾತ್ರ ಭಾರತ, ಅಫ್ಗಾನಿಸ್ತಾನ ಎರಡಕ್ಕೂ 6. ಗೋಲು ವ್ಯತ್ಯಾಸದ ಮೇಲೆ ಭಾರತ ಮುಂದಕ್ಕೆ.

ಸಮಬಲವಾದರೆ ಯಾವ ನಿಯಮ ಮೊದಲು?

ಈ ಕೊನೆಯ ಸಾಧ್ಯತೆಯನ್ನು ಇನ್ನೊಮ್ಮೆ ನೋಡಿ. ಈ ಗುಂಪಿನಲ್ಲಿ ಫಿಫಾ ನಿಯಮವಿತ್ತು. ಮೊದಲು ಗೋಲು ವ್ಯತ್ಯಾಸ, ಆಮೇಲೆ ಒಟ್ಟು ಗೋಲು, ಅದಾದ ಮೇಲೆ ಪರಸ್ಪರ ಆಡಿದ ಪಂದ್ಯಗಳ ಫಲಿತಾಂಶ. ಪರಸ್ಪರ ಪಂದ್ಯಗಳನ್ನೇ ಮೊದಲು ನೋಡುವ ನಿಯಮವಿದ್ದಿದ್ದರೆ? ಅಭಾದಲ್ಲಿ ಡ್ರಾ, ಗುವಾಹಟಿಯಲ್ಲಿ ಅಫ್ಗಾನಿಸ್ತಾನದ ಗೆಲುವು. ಅದೇ 6 ಅಂಕ, ಅದೇ ಗೋಲುಗಳು, ಆದರೆ ಮುಂದೆ ಹೋಗುವುದು ಅಫ್ಗಾನಿಸ್ತಾನ!

ಇದನ್ನು ಓದದೆ ಆಡಿದರೆ ಏನಾಗುತ್ತದೆ ಅನ್ನುವುದು ದಕ್ಷಿಣ ಆಫ್ರಿಕಾಕ್ಕೆ ಗೊತ್ತು. 2011ರ ಅಕ್ಟೋಬರ್‌ನಲ್ಲಿ ಆಫ್ರಿಕಾ ಕಪ್ ಅರ್ಹತೆಯ ಕೊನೆಯ ಪಂದ್ಯ, ಎದುರಾಳಿ ಸಿಯೆರಾ ಲಿಯೋನ್. ತಮ್ಮ ಗೋಲು ವ್ಯತ್ಯಾಸ ಚೆನ್ನಾಗಿದೆ, ಡ್ರಾ ಸಾಕು ಎಂದುಕೊಂಡು ಆಡಿದರು. 0–0. ಆಟಗಾರರು ಮೈದಾನದಲ್ಲೇ ಕುಣಿದರು. ಆದರೆ ದಕ್ಷಿಣ ಆಫ್ರಿಕಾ, ನೈಜರ್, ಸಿಯೆರಾ ಲಿಯೋನ್ ಮೂವರಿಗೂ 9 ಅಂಕವಿತ್ತು. ಅಲ್ಲಿಯ ನಿಯಮದಲ್ಲಿ ಪರಸ್ಪರ ಪಂದ್ಯಗಳೇ ಮೊದಲು. ಮೂವರ ನಡುವಿನ ಪಂದ್ಯಗಳನ್ನಷ್ಟೇ ಎಣಿಸಿದರೆ ನೈಜರ್‌ಗೆ 6, ಉಳಿದಿಬ್ಬರಿಗೆ ತಲಾ 5. ನೈಜರ್ ಮೊದಲ ಬಾರಿ ಆಫ್ರಿಕಾ ಕಪ್‌ಗೆ ಹೋಯಿತು. ಮೂರು ತಂಡ ಸಮವಾದಾಗ ನೀವೂ ಹಾಗೇ ಮಾಡಬೇಕು. ಆ ಮೂವರದ್ದೇ ಚಿಕ್ಕ ಪಟ್ಟಿ ಬರೆದು, ನಾಲ್ಕನೆಯ ತಂಡದ ಜೊತೆಗಿನ ಪಂದ್ಯಗಳನ್ನು ಬಿಟ್ಟುಬಿಡಿ.

ಎಲ್ಲ ಲೆಕ್ಕದಲ್ಲೂ ಸಮವಾಗುವುದು ಅಪರೂಪ. ಆದರೂ ಆಗಿದೆ. 2009ರಲ್ಲಿ ಅಲ್ಜೀರಿಯಾ, ಈಜಿಪ್ಟ್ ಎರಡಕ್ಕೂ 13 ಅಂಕ, ಹೊಡೆದದ್ದು 9 ಗೋಲು, ಬಿಟ್ಟದ್ದು 4. ಸುಡಾನ್‌ನಲ್ಲಿ ಇನ್ನೊಂದು ಪಂದ್ಯ ಆಡಿಸಿದರು. ಅಲ್ಜೀರಿಯಾ 1–0 ಗೆದ್ದು ವಿಶ್ವಕಪ್‌ಗೆ ಹೋಯಿತು.

ಪಂದ್ಯ ನಡೆಯುವಾಗ ಹಾಳೆ ಪಕ್ಕದಲ್ಲಿರಲಿ

ಗೋಲಾದಾಗಲೆಲ್ಲ ನಿಮ್ಮ ಒಂಬತ್ತು ಸಾಧ್ಯತೆಗಳಲ್ಲಿ ಯಾವುದರಲ್ಲಿದ್ದೀರಿ ಎಂದು ಗುರುತು ಹಾಕಿ. ದೋಹಾದಲ್ಲಿ 37ನೇ ನಿಮಿಷ ಲಾಲಿಯನ್‌ಜುವಾಲಾ ಛಾಂಗ್ಟೆ ಗೋಲು ಹೊಡೆದಾಗ ಭಾರತ 8 ಅಂಕದ ಸಾಲಿನಲ್ಲಿತ್ತು. 73ನೇ ನಿಮಿಷ ಯೂಸೆಫ್ ಅಯ್ಮನ್ ಸಮ ಮಾಡಿದರು. ಆ ಗೋಲಿಗೂ ಮೊದಲು ಚೆಂಡು ಗೆರೆ ದಾಟಿ ಹೊರಗೆ ಹೋಗಿದ್ದು ರಿಪ್ಲೇಯಲ್ಲಿ ಕಾಣುತ್ತಿತ್ತು. ಅದು ಅನ್ಯಾಯವೇ. ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ ದೂರನ್ನೂ ಕೊಟ್ಟಿತು. 85ನೇ ನಿಮಿಷ ಅಹ್ಮದ್ ಅಲ್ ರಾವಿ ಗೋಲಿನಿಂದ ಕತಾರ್ 2–1 ಗೆದ್ದಿತು. ಆ ಕಡೆ ಕುವೈತ್ 1–0 ಗೆದ್ದು 7 ಅಂಕ ಮಾಡಿಕೊಂಡಿತು. ಅಂದರೆ ನಮ್ಮ ಪಂದ್ಯ 1–1ರಲ್ಲೇ ಮುಗಿದಿದ್ದರೂ ಎರಡನೇ ಸ್ಥಾನ ಸಿಗುತ್ತಿರಲಿಲ್ಲ.

ಹೊಸ ಸುತ್ತು ಬಂದರೆ ಹೊಸ ಹಾಳೆ ತೆಗೆದುಕೊಳ್ಳಿ. ಮೂರನೇ ಸ್ಥಾನ ಪಡೆದ ಭಾರತ 2027ರ ಏಷ್ಯಾ ಕಪ್‌ನ ಅರ್ಹತಾ ಸುತ್ತಿಗೆ ಹೋಯಿತು. ಜೊತೆಗೆ ಬಾಂಗ್ಲಾದೇಶ, ಹಾಂಗ್‌ಕಾಂಗ್, ಸಿಂಗಪುರ. ಅಲ್ಲಿ ಗುಂಪಿನಲ್ಲಿ ಮೊದಲು ಬಂದವರಿಗೆ ಮಾತ್ರ ಜಾಗ, ಅಂಕ ಸಮವಾದರೆ ಪರಸ್ಪರ ಪಂದ್ಯಗಳೇ ಮೊದಲು. ಆ ಒಂದು ಜಾಗ ಸಿಂಗಪುರದ ಪಾಲಾಯಿತು.